ನಿಮಗಿದು ಗೊತ್ತೆ? ಕೆನೆಯಲ್ಲಿ ಕಾಣುವ ಕಂದು ರೋಗ

ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಲು ಬ್ರುಸೆಲ್ಲೋಸಿಸ್ ಒಂದು ಮುಖ್ಯ ಕಾರಣ. ಹಿಂಡಿನಲ್ಲಿ ಅದರ ಸುಳಿವು ಹಿಡಿಯಲು ಪ್ರತಿ ಹಸುವಿಗೂ ಸೂಜಿ ಚುಚ್ಚಬೇಕಿಲ್ಲ. ಕ್ಯಾನಿನ ಹಾಲೇ ಸಾಕು!

ನಳಿಕೆಯಲ್ಲಿ ಸ್ವಲ್ಪ ಹಾಲು. ಅದಕ್ಕೆ ಬಣ್ಣ ಹಚ್ಚಿದ, ಸತ್ತ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಹನಿ ಬೆರೆಸಿ ಒಂದು ಗಂಟೆ ಬೆಚ್ಚಗಿಡುತ್ತಾರೆ. ಹಾಲಿನಲ್ಲಿ ಪ್ರತಿಕಾಯಗಳಿದ್ದರೆ ಬಣ್ಣವೆಲ್ಲ ಕೆನೆಯೊಂದಿಗೆ ಮೇಲೇರಿ ನೇರಳೆ ಉಂಗುರ ಕಟ್ಟುತ್ತದೆ. ಇಲ್ಲದಿದ್ದರೆ ಕೆನೆ ಬೆಳ್ಳಗೇ. ಕೆಚ್ಚಲು ಬಾವಿನ ಹಾಲು, ಗಿಣ್ಣು ಹಾಲು ಒಮ್ಮೊಮ್ಮೆ ಸುಳ್ಳು ಉಂಗುರ ತೋರಿಸುವುದರಿಂದ ರಕ್ತಪರೀಕ್ಷೆಯ ಖಾತರಿ ಬೇಕೇ ಬೇಕು.

ಇಂಥ ಪರೀಕ್ಷೆಗಳನ್ನು ಪಟ್ಟುಬಿಡದೆ ನಡೆಸಿದ ಅಮೆರಿಕದಲ್ಲಿ 1956ರಲ್ಲಿ ಸುಮಾರು 1,24,000 ಸೋಂಕಿತ ಹಿಂಡುಗಳಿದ್ದವು. 1992ಕ್ಕೆ ಉಳಿದದ್ದು ಸುಮಾರು 700. ಭಾರತದಲ್ಲಿ ಈ ರೋಗದ ಲೆಕ್ಕ ಇಡುವ ಸಂಸ್ಥೆಗಳಲ್ಲೊಂದಾದ ನಿವೇದಿ ಇರುವುದು ಬೆಂಗಳೂರಿನ ಯಲಹಂಕದಲ್ಲಿ.