ಒಂದಂಗುಲದ ವೀರನಿಗೆ ಬೆಳಕು ಬಳಿಯುವವರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಾಬಿನ್ ಹುಡ್, ಇಲ್ಲವೇ ಟ್ರೆಂಟ್ ಬ್ರಿಡ್ಜ್ ಕ್ರಿಕೆಟ್ ಮೈದಾನ. ಅದೇ ಊರಿನ ಲೆಂಟನ್‌ನಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯಿದೆ. ಅದು ಮಾರುವುದು ಅರ್ಧ ಮುಗಿದ ಸರಕು. ಡಬ್ಬಿ ತೆರೆದರೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟು, ಅದರಲ್ಲಿ ಬಿಡಿಬಿಡಿಯಾಗಿ ಯುದ್ಧದಾಟದ ಬೊಂಬೆಗಳ ಕೈ, ಕಾಲು, ತಲೆ, ಕತ್ತಿ. ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು ಎಲ್ಲ ಕೊಂಡವರ ಪಾಲು. ಗಿರಾಕಿಯಿಂದಲೇ ಹೀಗೆ ದುಡಿಸಿಕೊಳ್ಳುವ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ಎಫ್‌ಟಿಎಸ್‌ಇ 100 ಸೂಚ್ಯಂಕಕ್ಕೇ ಸೇರಿತು. ದುಡಿಮೆಯಲ್ಲಿ ಏನೋ ರುಚಿ ಇರಲೇಬೇಕು.

ಬೊಂಬೆ ಸಿಪಾಯಿಗಳನ್ನಿಟ್ಟು ಆಡುವ ಯುದ್ಧದಾಟ ಹಳೆಯದು, ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲೇ ‘ಲಿಟಲ್ ವಾರ್ಸ್’ ಬರೆದು ಅದಕ್ಕೆ ನಿಯಮ ಹಾಕಿಕೊಟ್ಟಿದ್ದರು. ರಾಕ್ಷಸರು, ಕುಬ್ಜರು, ಮಂತ್ರವಾದಿಗಳು ಮನೆಮಾತಾದದ್ದು 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದ ಮೇಲೆ. ಅದನ್ನು ಬ್ರಿಟನ್ನಿಗೆ ತರಿಸಿ ಮಾರಿದ್ದು, 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಶುರು ಮಾಡಿದ್ದ ಇದೇ ಗೇಮ್ಸ್ ವರ್ಕ್‌ಶಾಪ್. 1979ರಲ್ಲಿ ಅವರು ಬೊಂಬೆ ತಯಾರಕ ಬ್ರಯಾನ್ ಆನ್ಸೆಲ್ ಜೊತೆಗೂಡಿ ನಾಟಿಂಗ್‌ಹ್ಯಾಮ್ ಸೀಮೆಯ ನ್ಯೂಅರ್ಕ್‌ನಲ್ಲಿ ಸಿಟಡೆಲ್ ಮಿನಿಯೇಚರ್ಸ್ ಎಂಬ ಬೊಂಬೆ ಕಂಪನಿ ತೆರೆದರು; 1983ರಲ್ಲಿ ಅವರದೇ ಯುದ್ಧದಾಟ ‘ವಾರ್‌ಹ್ಯಾಮರ್’ ಬಂತು. ಆಗ ಬೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಸುತ್ತಮುತ್ತ ಇಂಥದೇ ಕಂಪನಿಗಳು ತಲೆಯೆತ್ತಿ ಆ ಸೀಮೆಗೆ ‘ಲೆಡ್ ಬೆಲ್ಟ್’ ಎಂಬ ಅಡ್ಡಹೆಸರೇ ಬಿತ್ತು. ಈಗ ಬಹುಪಾಲು ಪ್ಲಾಸ್ಟಿಕ್.

ಆಳೆತ್ತರದ ಮನುಷ್ಯನನ್ನು ಸುಮಾರು 28 ಮಿಲಿಮೀಟರಿಗೆ ಇಳಿಸಿದಾಗ ಒಂದು ತೊಡಕು ಹುಟ್ಟುತ್ತದೆ. ನಿಜವಾದ ನಿಲುವಂಗಿಯ ನೆರಿಗೆಯಲ್ಲಿ ನೆರಳು ತಾನಾಗಿ ನಿಲ್ಲುತ್ತದೆ. ಬೊಂಬೆಯ ನೆರಿಗೆಯ ಆಳ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಕೋಣೆಯ ಬೆಳಕು ಎಲ್ಲ ಕಡೆಯಿಂದ ನುಗ್ಗಿ ಅದನ್ನು ಅಳಿಸಿಬಿಡುತ್ತದೆ. ಒಂದೇ ಬಣ್ಣ ಹೊಡೆದಿಟ್ಟರೆ ಮಾರು ದೂರದಿಂದ ಅದೊಂದು ಕೆಂಪು ಮುದ್ದೆ. ಆದ್ದರಿಂದ ಇಲ್ಲಿ ಬಟ್ಟೆಗೆ ಬಣ್ಣ ಹಚ್ಚಿದರೆ ಸಾಲದು, ಅದರ ಮೇಲೆ ಬೀಳುವ ಬೆಳಕನ್ನೂ ನೆರಳನ್ನೂ ಬಳಿಯಬೇಕು. ಯಕ್ಷಗಾನದ ಬಣ್ಣದ ವೇಷ ಚೌಕಿಯಲ್ಲಿ ಅತಿಯೆನಿಸಿ ರಂಗಸ್ಥಳದಲ್ಲಿ ಸರಿಹೋಗುವಂತೆ, ಕಣ್ಣಿಗೆ ಹತ್ತಿರ ಹಿಡಿದರೆ ಒರಟೆನಿಸುವ ಗೆರೆ ಆಟದ ಮೇಜಿನ ಮೇಲೆ ಬಿಸಿಲಾಗುತ್ತದೆ.

ಮನೆಯ ಮೂಲೆಯಲ್ಲಿ ಕೂತು ಇದನ್ನು ಮಾಡುವುದು ಸಲೀಸಾದದ್ದು ಅಕ್ರಿಲಿಕ್ ಬಣ್ಣದಿಂದ. ಮೊದಲು ಹವ್ಯಾಸಿಗಳು ಹೆಚ್ಚಾಗಿ ಬಳಸುತ್ತಿದ್ದದ್ದು ಪುಟ್ಟ ತಗಡಿನ ಡಬ್ಬಿಯ ಎನಾಮಲ್. ಅದು ಒಣಗಲು ಗಂಟೆಗಟ್ಟಲೆ ಕಾಯಬೇಕು, ಬ್ರಶ್ ತೊಳೆಯಲು ಟರ್ಪೆಂಟೈನ್ ಬೇಕು. ಅಕ್ರಿಲಿಕ್‌ನಲ್ಲಿ ರಾಳದ ಅತಿಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದೊಡನೆ ಒಂದಕ್ಕೊಂದು ಬೆಸೆದು ಪೊರೆಗಟ್ಟುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗುವುದಿಲ್ಲ. ಹಾಗಾಗಿ ಕೆಲವೇ ನಿಮಿಷಗಳಲ್ಲಿ, ಕೆಳಗಿನದು ಕದಡದಂತೆ, ಮೇಲೊಂದು ಪದರ ಕೊಡಬಹುದು.

ಕೆಂಪು ನಿಲುವಂಗಿಯ ಯೋಧನೊಬ್ಬನ ಕೆಲಸವನ್ನೇ ನೋಡೋಣ. ಹಿಡಿಯಲು ಅನುಕೂಲವಾಗಲೆಂದು ಅವನನ್ನು ಬಿರಡೆಗೋ ಖಾಲಿ ಔಷಧಿ ಡಬ್ಬಿಗೋ ಅಂಟಿಸುತ್ತಾರೆ. ನುಣುಪು ಪ್ಲಾಸ್ಟಿಕ್ ಬಣ್ಣ ಹಿಡಿಯದ ಕಾರಣ ಮೊದಲು ಕಪ್ಪು ಪ್ರೈಮರ್. ಆಮೇಲೆ ನೆತ್ತಿಯ ಮೇಲಿಂದ ಮಾತ್ರ ಬಿಳಿ ಸ್ಪ್ರೇ. ನಡುಹಗಲಿನ ಸೂರ್ಯ ಎಲ್ಲೆಲ್ಲಿ ತಾಕುತ್ತಾನೆಂಬ ನಕ್ಷೆ ಆಗಲೇ ಮೂಡಿಬಿಡುತ್ತದೆ. ಅದರ ಮೇಲೆ ಗಾಢ ಕೆಂಪು, ಹಾಲಿನ ಹದಕ್ಕೆ ನೀರು ಬೆರೆಸಿ ಎರಡು ತೆಳು ಕೋಟ್. ದಪ್ಪಗೆ ಒಮ್ಮೆಲೇ ಹಚ್ಚಿದರೆ ಗಡ್ಡದ ಎಳೆ, ಕಣ್ಣಿನ ರೆಪ್ಪೆ ಎಲ್ಲ ಹೂತುಹೋಗುತ್ತವೆ. ಮುಂದಿನದು ವಾಶ್: ನೀರುನೀರಾದ ಕಡುಬಣ್ಣ ತಾನೇ ಹರಿದು ನೆರಿಗೆಯ ತಳದಲ್ಲಿ ನಿಲ್ಲುತ್ತದೆ. ಸಿಟಡೆಲ್‌ನ ‘ನುಲ್ನ್ ಆಯಿಲ್’ ಎಂಬ ಕಪ್ಪು ವಾಶ್‌ಗೆ ಹವ್ಯಾಸಿಗಳು ‘ಬಾಟಲಿಯಲ್ಲಿ ತುಂಬಿದ ಪ್ರತಿಭೆ’ ಎಂದು ತಮಾಷೆ ಮಾಡುವುದುಂಟು. ಸುಳ್ಳೇನಲ್ಲ.

ನಿಜವಾದ ಪದರಗಾರಿಕೆ ಇಲ್ಲಿಂದಾಚೆಗೆ. ಪ್ರತಿ ಪದರ ಹಿಂದಿನದಕ್ಕಿಂತ ಒಂದಿಷ್ಟು ತಿಳಿ, ವಿಸ್ತಾರದಲ್ಲಿ ಒಂದಿಷ್ಟು ಕಿರಿದು. ಕೆಳಗಿನ ಬಣ್ಣದ ಅಂಚು ಇಣುಕುತ್ತಲೇ ಇರಬೇಕು. ಕೊನೆಗೆ ನೆರಿಗೆಯ ಏಣಿನ ಮೇಲೆ ಕೂದಲೆಳೆಯ ಗೆರೆ. ಕೆಂಪನ್ನು ತಿಳಿಗೊಳಿಸಲು ಬಿಳಿ ಬೆರೆಸಿದರೆ ಅದು ಗುಲಾಬಿಗೆ ತಿರುಗಿ ವೀರ ಸಪ್ಪೆಯಾಗುತ್ತಾನೆ. ಬಲ್ಲವರು ಕಿತ್ತಳೆಯತ್ತ ಹೋಗುತ್ತಾರೆ.

ಹೊಸಬರು ಸಣ್ಣ ಕೆಲಸಕ್ಕೆ ಸಣ್ಣ ಬ್ರಶ್ಶೆಂದು ಮೂರು ಸೊನ್ನೆಯ ಬ್ರಶ್ ಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲದು; ಬೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. ತುದಿ ಚೂಪಾಗಿದ್ದರೆ 1 ಅಥವಾ 2ನೇ ನಂಬರಿನ ಬ್ರಶ್ಶೇ ಕಣ್ಣಿನ ಗೊಂಬೆಗೂ ಸಾಕು. ಬಣ್ಣ ಆರದಿರಲೆಂದು ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಪೇಪರ್ ಹಾಸಿದ ಪ್ಯಾಲೆಟ್ ಇಟ್ಟುಕೊಳ್ಳುತ್ತಾರೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ.

ಈ ವಿದ್ಯೆಯ ದೊಡ್ಡ ಅಖಾಡ 1987ರಲ್ಲಿ ಶುರುವಾದ ‘ಗೋಲ್ಡನ್ ಡೀಮನ್’ ಸ್ಪರ್ಧೆ. ಬೇರೆ ಬೇರೆ ವಿಭಾಗಗಳಲ್ಲಿ ಗೆದ್ದವರ ಪೈಕಿ ಅತ್ಯುತ್ತಮರಿಗೆ ಸಿಗುವುದು ‘ಸ್ಲೇಯರ್ ಸ್ವೋರ್ಡ್’. ಒಂದಂಗುಲದ ಬೊಂಬೆಗೆ ಬಹುಮಾನ ಆಳು ಹಿಡಿಯುವ ಕತ್ತಿ! ಅಲ್ಲಿಗೆ ಬರುವವುಗಳಲ್ಲಿ ನನಗೆ ಬೆರಗೆನಿಸುವುದು ಲೋಹದ ಬಣ್ಣವನ್ನೇ ಮುಟ್ಟದೆ ಲೋಹ ಬರೆಯುವ ಪರಿ. ಕಂದು, ಹಳದಿ, ಬಿಳಿ ಇಷ್ಟರಲ್ಲೇ ಚಿನ್ನದ ಕವಚ ಫಳಫಳಿಸುತ್ತದೆ.

2019ರಲ್ಲಿ ಸಿಟಡೆಲ್ ‘ಕಾಂಟ್ರಾಸ್ಟ್’ ಬಣ್ಣಗಳನ್ನು ತಂದಿತು. ತಿಳಿ ಪ್ರೈಮರ್ ಮೇಲೆ ಒಂದು ಸಲ ಹಚ್ಚಿದರೆ ತಗ್ಗಿನಲ್ಲಿ ಕಡುವಾಗಿ, ಉಬ್ಬಿನಲ್ಲಿ ತಿಳಿಯಾಗಿ ನಿಲ್ಲುತ್ತದೆ. ಇದು ಕಳ್ಳದಾರಿ ಎಂದು ಗೊಣಗುವ ಹಳಬರಿದ್ದಾರೆ. ನೂರು ಸಿಪಾಯಿಗಳ ದಂಡು ಕಟ್ಟಬೇಕಾದವರಿಗೆ ಬೇರೆ ದಾರಿ ಯಾವುದು ಅನ್ನುವುದನ್ನು ಅವರು ಹೇಳುವುದಿಲ್ಲ. ಒತ್ತಡವನ್ನು ಕಂಪನಿಯೂ ಹೆಚ್ಚಿಸಿದೆ. ‘ವಾರ್‌ಹ್ಯಾಮರ್ 40,000’ ಆಟದ 2020ರ ನಿಯಮಗಳಲ್ಲಿ, ಇಡೀ ಸೈನ್ಯಕ್ಕೆ ಬಣ್ಣ ಹಚ್ಚಿ ಪೀಠವನ್ನೂ ಮುಗಿಸಿ ತಂದವರಿಗೆ ನೂರರಲ್ಲಿ 10 ಅಂಕ ಮೀಸಲಾಯಿತು. ಬಣ್ಣ ಕಾಣದ ಸೈನ್ಯ ಎಷ್ಟೇ ಚೆನ್ನಾಗಿ ಕಾದಿದರೂ 90ಕ್ಕೇ ನಿಲ್ಲಬೇಕು.