ನಿಮಗಿದು ಗೊತ್ತೆ? ಬಳಸಿದ ಆಯಿಲ್‌ಗೂ ಚಳಿ ಪರೀಕ್ಷೆ

ಮಧುಗಿರಿ, ಕೊರಟಗೆರೆ ಕಡೆ ಮಾಗಿ ಚಳಿ ಎಷ್ಟೇ ಕೊರೆದರೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಇಲ್ಲಿನ ಲಾರಿಗಳಿಗೆ ಸುರಿಯುವ 15ಡಬ್ಲ್ಯು-40 ಆಯಿಲ್ ಮೈನಸ್ 20 ಡಿಗ್ರಿಯಲ್ಲಿ ಎಂಜಿನ್ ತಿರುಗಲು ಬಿಡಬೇಕು, ಮೈನಸ್ 25ರಲ್ಲೂ ಪಂಪಿಗೆ ಸಿಗುವಷ್ಟು ಹರಿಯಬೇಕು. ಡಬ್ಬಿಯ ಮೇಲಿನ 15 ಸೂಚಿಸುವುದು ಈ ದರ್ಜೆಯನ್ನು, ಡಿಗ್ರಿಯನ್ನಲ್ಲ.

ಹೊಸ ಆಯಿಲ್ ಪಾಸಾದರೆ ಸಾಲದು. ಡೀಸೆಲ್ ಎಂಜಿನ್ನಿನಲ್ಲಿ ದುಡಿದ ಆಯಿಲ್‌ಗೆ ಮಸಿ ಸೇರಿ ಅದು ಮಂದವಾಗುತ್ತದೆ. ಅದಕ್ಕೆಂದೇ ಎಎಸ್‌ಟಿಎಂ ಡಿ6896 ಎಂಬ ಪರೀಕ್ಷೆಯಿದೆ. ಸ್ಯಾಂಪಲ್ಲನ್ನು ಮೊದಲು 80 ಡಿಗ್ರಿಗೆ ಕಾಯಿಸಿ, ನಂತರ ಸುಮಾರು ಎರಡು ದಿನ ನಿಧಾನವಾಗಿ ತಣಿಸುತ್ತಾರೆ. ಅವಸರ ಮಾಡಿದರೆ ಮೇಣದ ಹರಳು ಕಟ್ಟುವ ಬಗೆ ತಿಳಿಯದು. ಆಮೇಲೆ ಆಯಿಲಿನೊಳಗಿನ ಪುಟ್ಟ ರೋಟರಿಗೆ ಸುತ್ತಿದ ದಾರದ ತುದಿಗೆ 10 ಗ್ರಾಂ ತೂಕ ನೇತುಹಾಕಿ, ಅದು ಕದಲುತ್ತದೋ ಇಲ್ಲವೋ ನೋಡುತ್ತಾರೆ. ಕದಲದಿದ್ದರೆ ಇನ್ನೊಂದು 10 ಗ್ರಾಂ. ಅಷ್ಟು ದುಬಾರಿ ಲ್ಯಾಬಿನಲ್ಲಿ ಬಾವಿ ರಾಟೆಯ ತಂತ್ರ!

ಶಿರಾ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ಒಂದು ತುದಿ ದೆಹಲಿ. ಅಲ್ಲಿಂದಾಚೆ ಲಡಾಖ್‌ಗೆ ಏರುವ ಲಾರಿಗೆ ಈ ಲೆಕ್ಕಾಚಾರವೆಲ್ಲ ಬೇಕು. ಪಾವಗಡದ ಹೊಲದಲ್ಲೇ ಓಡಾಡುವ ಟ್ರ್ಯಾಕ್ಟರಿಗೆ, ಚಳಿಯ ಮಟ್ಟಿಗೆ, 20ಡಬ್ಲ್ಯು-40 ಧಾರಾಳವಾಯಿತು.