ಮರದ ಚೌಕಟ್ಟಿನ ಗೋಡೆ ಮತ್ತು ಗಣಕಯಂತ್ರದ ನಕ್ಷೆ

ಮರದ ಮನೆಯೆಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ಮಲೆನಾಡಿನ ತೊಟ್ಟಿಮನೆಯ ದಪ್ಪ ಕಂಬ ಮತ್ತು ತೊಲೆಗಳು. ಉತ್ತರ ಅಮೆರಿಕದಲ್ಲಿ ರೂಢಿಯಾಗಿರುವ ಮರದ ಗೋಡೆ ಇದಕ್ಕಿಂತ ತೀರ ಭಿನ್ನವಾದುದು. ಅಲ್ಲಿ ದಪ್ಪ ಕಂಬವೆಂಬುದಿಲ್ಲ. ತೆಳುವಾದ ಮರದ ಪಟ್ಟಿಗಳನ್ನು ಸಮೀಪ ಸಮೀಪವಾಗಿ ನಿಲ್ಲಿಸಿ, ಮೇಲೆ ಕೆಳಗೆ ಅಡ್ಡಪಟ್ಟಿಗಳಿಂದ ಬಿಗಿದು, ಹೊರಮೈಗೆ ಪ್ಲೈವುಡ್ಡಿನಂತಹ ಹಾಳೆಗಳನ್ನು ಮೊಳೆಗಳಿಂದ ಕೂಡಿಸಿದರೆ ಅದೇ ಗೋಡೆಯಾಗುತ್ತದೆ. ನಿಂತ ಪಟ್ಟಿಗೆ ಅಲ್ಲಿನ ಬಡಗಿಗಳು ಸ್ಟಡ್ ಎಂದೂ ಅಡ್ಡಪಟ್ಟಿಗೆ ಪ್ಲೇಟ್ ಎಂದೂ ಹೇಳುತ್ತಾರೆ.

ಈ ಪದ್ಧತಿ 1830ರ ದಶಕದ ಚಿಕಾಗೊ ನಗರದಲ್ಲಿ ಪ್ರಸಿದ್ಧಿಗೆ ಬಂದಿತು. 1832ರಲ್ಲಿ ಜಾರ್ಜ್ ಸ್ನೋ ಕಟ್ಟಿದನೆನ್ನಲಾದ ಉಗ್ರಾಣವನ್ನು ಕೆಲವರೂ, 1833ರ ಸೇಂಟ್ ಮೇರಿ ಚರ್ಚನ್ನು ಕೆಲವರೂ ಮೊದಲನೆಯದೆಂದು ಹೇಳುವುದುಂಟು. ಒಬ್ಬನೇ ವ್ಯಕ್ತಿ ಇದನ್ನು ಕಂಡುಹಿಡಿದನೆಂಬ ಮಾತನ್ನು ಇತ್ತೀಚಿನ ವಿದ್ವಾಂಸರು ಒಪ್ಪುವುದಿಲ್ಲ. ಅದೇ ಸರಿಯೆಂದು ತೋರುತ್ತದೆ. ಯಂತ್ರದ ಗರಗಸದಲ್ಲಿ ಕೊಯ್ದ ಮರವೂ ಕಾರ್ಖಾನೆಯ ಮೊಳೆಯೂ ಅಗ್ಗವಾಗಿ ದೊರೆತಲ್ಲಿ, ನುರಿತ ಬಡಗಿಗಳು ವಿರಳವಾಗಿದ್ದಲ್ಲಿ, ಇಂತಹ ರಚನೆ ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಇಂದು ಇಂತಹ ಮನೆಯ ನಕ್ಷೆ ಸಾಮಾನ್ಯವಾಗಿ ಗಣಕಯಂತ್ರದಲ್ಲಿ ಸಿದ್ಧವಾಗುತ್ತದೆ. ಹಂಗೆರಿಯಲ್ಲಿ ಜನಿಸಿದ ಆರ್ಕಿಕ್ಯಾಡ್, 2000ದಲ್ಲಿ ಹೊರಬಂದ ರೆವಿಟ್ ಮೊದಲಾದ ತಂತ್ರಾಂಶಗಳಲ್ಲಿ ವಾಸ್ತುಶಿಲ್ಪಿ ಎಳೆಯುವುದು ಗೆರೆಯನ್ನಲ್ಲ, ಗೋಡೆಯನ್ನೇ. ಆದರೆ ಆ ಗೋಡೆಯು ಪದರಗಳ ಒಂದು ಅಖಂಡ ವಸ್ತು: ಒಳಹಾಳೆ, ನಡುವಣ ಮರದ ಪದರ, ಹೊರಹಾಳೆ. ನಡುವಣ ಪದರವು ವಾಸ್ತವದಲ್ಲಿ ಹತ್ತಾರು ತುಂಡುಗಳ ಸಮೂಹವೆಂಬುದು ಅಲ್ಲಿ ಕಾಣುವುದಿಲ್ಲ. ಅವುಗಳನ್ನು ಸಹಾಯಕ ತಂತ್ರಾಂಶದಿಂದಲೋ ಕೈಯಿಂದಲೋ ಬೇರೆಯಾಗಿ ಇಡಬೇಕಾಗುತ್ತದೆ. ಚೀಫ್ ಆರ್ಕಿಟೆಕ್ಟಿನಂತಹ ಕೆಲವು ತಂತ್ರಾಂಶಗಳು ಚೌಕಟ್ಟನ್ನು ತಾವೇ ರಚಿಸಿಕೊಡುತ್ತವೆ. ಯಾವ ದಾರಿಯಾದರೂ ಬಡಗಿಯ ನಿಯಮವನ್ನು ಯಂತ್ರಕ್ಕೆ ತಿಳಿಸಿದ್ದಾರೆಯೇ ಎಂಬುದೇ ಮುಖ್ಯವಾದ ಪ್ರಶ್ನೆ.

ಒಂದು ಉದಾಹರಣೆಯನ್ನು ನೋಡಬಹುದು. ಸ್ಟಡ್‌ಗಳ ನಡುವಿನ ಅಂತರ, ಕೇಂದ್ರದಿಂದ ಕೇಂದ್ರಕ್ಕೆ, ಸಾಮಾನ್ಯವಾಗಿ 16 ಅಂಗುಲ. ಹಾಳೆಯ ಅಗಲ 4 ಅಡಿ, ಅಂದರೆ 48 ಅಂಗುಲ. ಮೂರು ಹದಿನಾರು ನಲವತ್ತೆಂಟಾದುದರಿಂದ ಪ್ರತಿ ಹಾಳೆಯ ಅಂಚೂ ಒಂದು ಸ್ಟಡ್ಡಿನ ನಟ್ಟನಡುವೆ ಬಂದು, ಅಕ್ಕಪಕ್ಕದ ಎರಡು ಹಾಳೆಗಳು ಅದನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ‘ಎರಡು–ನಾಲ್ಕು’ ಎಂದು ಕರೆಯುವ ಪಟ್ಟಿಯ ನಿಜವಾದ ದಪ್ಪ ಎರಡು ಅಂಗುಲವಲ್ಲ, ಒಂದೂವರೆ ಅಂಗುಲ, ಅಗಲ ಮೂರೂವರೆ. ಹೆಸರಿನ ಅಳತೆಯನ್ನೇ ನಿಜವೆಂದು ನಂಬಿ ಗಣಕಯಂತ್ರಕ್ಕೆ ಕೊಟ್ಟವರು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ.

12 ಅಡಿಯ ಗೋಡೆಯೊಂದಿದೆ ಎನ್ನೋಣ. ಮೊದಲ ಸ್ಟಡ್ಡಿನ ಕೇಂದ್ರದಿಂದ 16 ಅಂಗುಲ ಅಳೆಯುತ್ತ ಹೋದರೆ ಲೆಕ್ಕವೇನೋ ಸಹಜವಾಗಿ ಕಾಣುತ್ತದೆ. ಆದರೆ ಆ ಕೇಂದ್ರವು ಗೋಡೆಯ ತುದಿಯಿಂದ ಮುಕ್ಕಾಲು ಅಂಗುಲ ಒಳಗಿದೆ. ಆದಕಾರಣ ನಾಲ್ಕನೆಯ ಸ್ಟಡ್ಡಿನ ಕೇಂದ್ರ 48¾ ಅಂಗುಲಕ್ಕೆ ಸರಿದು, ಅದರ ಮರ 48ರಿಂದ 49½ರವರೆಗೆ ನಿಲ್ಲುತ್ತದೆ. ಮೊದಲ ಹಾಳೆ 48ಕ್ಕೇ ಮುಗಿಯಿತು! ಅದರ ಅಂಚಿಗೆ ಮೊಳೆ ಹೊಡೆಯಲು ಹಿಂದೆ ಮರವೇ ಇಲ್ಲ. ಎರಡನೆಯ ಹಾಳೆಯ ಗತಿಯೂ ಅದೇ. ಬಡಗಿಯಾದರೋ ಗೋಡೆಯ ತುದಿಯಿಂದಲೇ ಅಳೆದು, 15¼ ಅಂಗುಲದಲ್ಲಿ ಎರಡನೆಯ ಸ್ಟಡ್ಡಿನ ಅಂಚಿಗೆ ಗುರುತು ಹಾಕುತ್ತಾನೆ. ಆಗ ಕೇಂದ್ರಗಳು 16, 32, 48 ಎಂದು ಸರಿಯಾಗಿ ಬೀಳುತ್ತವೆ.

ಗಮನಿಸತಕ್ಕ ಸಂಗತಿಯೆಂದರೆ, ಎರಡು ಕ್ರಮಗಳಲ್ಲಿಯೂ ಸ್ಟಡ್‌ಗಳ ಸಂಖ್ಯೆ ಹತ್ತೇ. ತಂತ್ರಾಂಶವು ಕೊಡುವ ಮರದ ಪಟ್ಟಿಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಮೊತ್ತ ತಾಳೆಯಾಗಿ ನಮೂದುಗಳು ಮಾತ್ರ ತಪ್ಪಿರುವ ಖಾತೆಯಂತಹ ಸ್ಥಿತಿ ಇದು. ಇಂತಹ ತಪ್ಪು ಕಟ್ಟಡದ ಸ್ಥಳದಲ್ಲಿಯೇ ಬಯಲಾಗುವುದು. ಇದನ್ನು ಅಲ್ಪವೆಂದು ತಳ್ಳಿಹಾಕುವಂತೆಯೂ ಇಲ್ಲ. ಗಾಳಿಯ ಒತ್ತಡಕ್ಕೆ ಗೋಡೆ ಓರೆಯಾಗದಂತೆ ತಡೆಯುವುದು ಮುಖ್ಯವಾಗಿ ಹಾಳೆಗಳೂ ಅವುಗಳ ಅಂಚಿನ ಮೊಳೆಗಳೂ ಆಗಿವೆ.

ಕಿಟಕಿ ಬಂದಾಗ ತೊಡಕು ಇನ್ನೊಂದು ಬಗೆಯದು. ಕಿಟಕಿಯ ಮೇಲಿನ ತೊಲೆಯನ್ನು ಹೊರಲು ಎರಡು ಬದಿಯಲ್ಲೂ ಗಿಡ್ಡ ಸ್ಟಡ್‌ಗಳೂ, ಅವುಗಳ ಹೊರಬದಿಗೆ ಪೂರ್ಣ ಎತ್ತರದ ಸ್ಟಡ್‌ಗಳೂ ಬೇಕು. ತೊಲೆಯ ಮೇಲೆ ಮತ್ತು ಕಿಟಕಿಯ ಕೆಳಗೆ ಬರುವ ತುಂಡು ಸ್ಟಡ್‌ಗಳು ಮೊದಲಿನ 16 ಅಂಗುಲದ ಸಾಲನ್ನು ಬಿಡತಕ್ಕದ್ದಲ್ಲ. ಕಿಟಕಿಯ ಅಂಚಿನಿಂದ ಹೊಸದಾಗಿ ಅಳತೆಯನ್ನು ಆರಂಭಿಸುವ ತಂತ್ರಾಂಶವು ಹಾಳೆಗಳ ಕೂಡುಗೆರೆಯನ್ನು ಮರೆತಿದೆಯೆಂದೇ ಅರ್ಥ. ಕಿಟಕಿಗಳ ಸ್ಥಾನ ನಿಶ್ಚಯವಾಗುವ ಮುನ್ನ ತುಂಡು ತುಂಡನ್ನೂ ರಚಿಸಲು ಹೊರಡುವುದು ವ್ಯರ್ಥ ಶ್ರಮ. ಅಲ್ಲಿಯವರೆಗೆ ಅಖಂಡ ಪದರವೇ ಸಾಕು.

ಆದರೆ ಉಷ್ಣದ ಲೆಕ್ಕಕ್ಕೆ ಆ ಪದರ ಸಾಲದು. ಸ್ಟಡ್‌ಗಳ ನಡುವೆ ತುಂಬುವ ಗಾಜಿನ ಉಣ್ಣೆಗಿಂತ ಮರವು ಸುಮಾರು ಮೂರು ಪಟ್ಟು ಹೆಚ್ಚು ಶಾಖವನ್ನು ದಾಟಿಸುತ್ತದೆ. ಅಡ್ಡಪಟ್ಟಿ, ತೊಲೆಗಳನ್ನೂ ಸೇರಿಸಿ ಇಂತಹ ಗೋಡೆಯಲ್ಲಿ ಮರದ ಪಾಲು ನೂರಕ್ಕೆ 25 ಎಂದು ಹಿಡಿಯುವುದು ವಾಡಿಕೆ. ಪದರವೆಲ್ಲ ಉಣ್ಣೆಯೇ ಆಗಿದ್ದರೆ ಸೋರುವ ಶಾಖ 100 ಎಂದಿಟ್ಟುಕೊಂಡರೆ, ವಾಸ್ತವದಲ್ಲಿ ಉಣ್ಣೆಯ ಮುಕ್ಕಾಲು ಭಾಗದಿಂದ 75, ಮರದ ಕಾಲು ಭಾಗದಿಂದ ಮತ್ತೆ 75, ಒಟ್ಟು 150 ಆಗುತ್ತದೆ. ಚಳಿನಾಡಿನಲ್ಲಿ ಮನೆಯನ್ನು ಬೆಚ್ಚಗಿಡುವ ಇಂಧನದ ವೆಚ್ಚವನ್ನು ಮೊದಲಿನ ಸಂಖ್ಯೆಯ ಮೇಲೆ ಅಂದಾಜು ಮಾಡಿದ ಗೃಹಸ್ಥನಿಗೆ ಆಗುವ ನಷ್ಟ ಊಹಿಸತಕ್ಕದ್ದು. ಇದಕ್ಕೆ ಪರಿಹಾರವಾಗಿ ಸ್ಟಡ್‌ಗಳ ಹೊರಮೈಯನ್ನೆಲ್ಲ ಮುಚ್ಚುವಂತೆ ಶಾಖನಿರೋಧಕ ಫಲಕವನ್ನು ಅವಿಚ್ಛಿನ್ನವಾಗಿ ಹೊದಿಸುವ ಕ್ರಮ ಬಳಕೆಗೆ ಬಂದಿದೆ. ಈ ಫಲಕಕ್ಕಾದರೋ ತಂತ್ರಾಂಶದ ಅಖಂಡ ಪದರದ ಕಲ್ಪನೆ ಬಹುಮಟ್ಟಿಗೆ ಯಥಾರ್ಥವಾಗಿ ಒಪ್ಪುತ್ತದೆ.